ಬದ್ಲಿ ಹಾಜರಿ

ಹನ್ನೆರಡು ದಿನದ ತರಬೇತಿಗೆ ಹೋದವಳು ಗೌರಿ. ಪ್ರಮಾಣಪತ್ರ ಬಂದದ್ದು ಅವಳ ಗಂಡ ಈರೇಶನ ಹೆಸರಿಗೆ. ಇದು ತಪ್ಪು ಎಂದು ಆ ಮನೆಯಲ್ಲಿ ಮೊದಲಿಗೆ ಯಾರಿಗೂ ಅನಿಸಲಿಲ್ಲ. ಗೌರಿಗೂ ಅನಿಸಲಿಲ್ಲ ಎನ್ನುವುದನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ವೆರ್ಣಾದ ಕಾರ್ಖಾನೆಗಳಿಗೆ ಕಂಪನಿ ಬಸ್ಸಿನಲ್ಲಿ ಒಂದು ತಾಸಿನ ದಾರಿಯಾಗುವ ಹಳ್ಳಿ ಅದು. ಗುಡ್ಡದ ಬುಡದಲ್ಲಿ ಇಪ್ಪತ್ತೆರಡು ಖೋಲಿಗಳ ಒಂದು ಚಾಳು. ಇರುವವರೆಲ್ಲ ಸವದತ್ತಿ, ಬೈಲಹೊಂಗಲ, ಮುದ್ದೇಬಿಹಾಳದ ಕಡೆಯಿಂದ ದುಡಿಯಲು ಗಡಿ ದಾಟಿ ಬಂದವರು. ಚಾಳಿನ ಬೆನ್ನಿಗೆ ಗೇರುಮರ, ಅದರಾಚೆ ಗುಡ್ಡದ ತುಂಬ ಆಳೆತ್ತರದ ಹುಲ್ಲು. ಸಂಕ್ರಾಂತಿ ದಾಟಿತೆಂದರೆ ಆ ಹುಲ್ಲು ಒಣಗಿ, ಯಾರೋ ಎಸೆದ ಬೀಡಿಯ ತುಂಡಿಗೂ ಹೊತ್ತಿಕೊಳ್ಳುತ್ತದೆ. ಅಗ್ನಿಶಾಮಕದ ಗಾಡಿ ತಾಲೂಕಿನಿಂದ ಬರಬೇಕು. ಅದು ಬರುವಷ್ಟರಲ್ಲಿ ಉರಿಯುವುದೆಲ್ಲ ಉರಿದಿರುತ್ತದೆ. ಹಾಗಾಗಿ ಪಂಚಾಯತಿಯವರು ಊರಿನದೇ ಒಂದು ಸ್ವಯಂಸೇವಕ ದಳ ಮಾಡಿದರು. ಹದಿನಾಲ್ಕು ಜನ, ಹದಿನಾಲ್ಕೂ ಗಂಡಸರು. ಅವರಲ್ಲಿ ಹನ್ನೊಂದು ಮಂದಿ ಹಗಲಿಡೀ ವೆರ್ಣಾದಲ್ಲಿ ಪಾಳಿಯ ಮೇಲಿರುತ್ತಾರೆ, ಫೋನನ್ನು ಗೇಟಿನ ಲಾಕರಿನಲ್ಲಿಟ್ಟು ಒಳಗೆ ಹೋಗುತ್ತಾರೆ ಎಂಬುದು ಪಟ್ಟಿ ಬರೆದವರ ತಲೆಗೆ ಹೊಳೆಯಲಿಲ್ಲ. ಬೆಂಕಿ ಬೀಳುವುದು ಮಾತ್ರ ಯಾವಾಗಲೂ ಮಧ್ಯಾಹ್ನವೇ.

ಊರಿನಲ್ಲಿ ನಾಲ್ಕು ಜನರೆದುರು ದೊಡ್ಡದಾಗಿ ದಳಕ್ಕೆ ಹೆಸರು ಕೊಟ್ಟು ಬಂದಿದ್ದ ಈರೇಶ, ತರಬೇತಿಯ ಹಿಂದಿನ ದಿನ ಕೈಚೆಲ್ಲಿದ.

“ಹನ್ನೆರಡ ದಿನ ರಜಾ ಯಾವಂವ ಕೊಡ್ತಾನ? ನೀ ಹೋಗಿ ಕುಂದ್ರು.”

“ನಾ ಹ್ಯಾಂಗ್ ಹೋಗ್ಲಿರಿ? ಅಲ್ಲೆ ಎಲ್ಲಾ ಗಂಡಸೂರು.”

“ಮನಿಯಿಂದ ಒಬ್ರು ಹ್ವಾದ್ರ ಆತು. ರೇಷನ್ನಿಗೆ ನನ್ನ ಬದ್ಲಿ ಹೋಗಂಗಿಲ್ಲೇನು?”

ಚಾಳಿನವರಿಗೆ ಇದು ಸಂಸಾರ ನಡೆಸುವ ಪದ್ಧತಿ. ರೇಷನ್ ಸಾಲಿಗೆ ಗಂಡನ ಬದಲು ಹೆಂಡತಿ, ಶಾಲೆಯ ಸಭೆಗೆ ಅಪ್ಪನ ಬದಲು ಅಜ್ಜ, ನೀರಿನ ಸರದಿಗೆ ಮನೆಯಲ್ಲಿ ಯಾರಿದ್ದರೆ ಅವರು. ಕಾರ್ಖಾನೆಯಲ್ಲೇ ಬದ್ಲಿ ಕೆಲಸದವರಿರುವಾಗ ಇದರಲ್ಲೇನು ವಿಶೇಷ. ತರಬೇತಿಯ ಸಾಹೇಬನಿಗೂ ಪಟ್ಟಿ ತುಂಬಿದರೆ ಸಾಕಿತ್ತು. ಮೊದಲ ದಿನ ‘ಈರೇಶ’ ಎಂದು ಕೂಗಿ, ಎದ್ದು ನಿಂತ ಹೆಂಗಸನ್ನು ನೋಡಿ ನಕ್ಕ. ಎರಡನೆಯ ದಿನದಿಂದ ನಗಲೂ ಇಲ್ಲ, ಗೀಟು ಹಾಕಿಕೊಂಡು ಮುಂದೆ ಹೋದ. ಗೌರಿ ಹನ್ನೆರಡು ದಿನವೂ ಈರೇಶನಾಗಿ ‘ಹಾಜರ್’ ಎಂದಳು.

ಕಲಿಯುವುದನ್ನಂತೂ ತನ್ನ ಹೆಸರಿನಲ್ಲೇ ಕಲಿತಳು. ಗಾಳಿ ಯಾವ ಕಡೆ ಎಂದು ನೋಡುವುದು, ಬೆಂಕಿಯ ಮುಂದೆ ಹುಲ್ಲು ಸವರಿ ಅಡ್ಡಗೆರೆ ಹಾಕುವುದು, ಬೆನ್ನಿಗೇರಿಸುವ ನೀರಿನ ಪಂಪು ಹೊಡೆಯುವುದು, ಏಳಲಾರದವರನ್ನು ಕೌದಿಯ ಮೇಲೆ ಹಾಕಿ ಎಳೆದು ತರುವುದು. ಮನೆಗೆ ಬಂದು ಅತ್ತೆ ಮುರುಗೆವ್ವನಿಗೆ ಸಿಲಿಂಡರಿನ ಮೇಲೆ ಹಸಿ ಗೋಣಿ ಹೇಗೆ ಮುಚ್ಚಬೇಕು, ಕೌದಿಯ ಮೇಲೆ ಮನುಷ್ಯನನ್ನು ಹೇಗೆ ಎಳೆಯಬೇಕು ಎಂದು ತೋರಿಸಿದಳು.

“ಒಲಿ ಹಚ್ಚೋದು ನಿನಗ ಕಲಸಿದಾಕಿ ನಾನು. ಆರ್ಸೋದು ನೀ ನನಗ ಕಲಸ್ತಿಯೇನು?” ಎಂದಳು ಮುರುಗೆವ್ವ. ಆದರೂ ನೋಡಿಕೊಂಡಳು.

ಪ್ರಮಾಣಪತ್ರಕ್ಕೆ ಮಾವ ಅಡಿವೆಯ್ಯ ತಾನೇ ಕಟ್ಟು ಹಾಕಿಸಿ ತಂದ. ಆ ಖೋಲಿಯ ಗೋಡೆಗೆ ದೇವರ ಫೋಟೋ ಬಿಟ್ಟರೆ ಅದೊಂದೇ ಕಟ್ಟು.

ಫೆಬ್ರವರಿಯ ಎರಡನೆಯ ವಾರ ಗುಡ್ಡಕ್ಕೆ ಬೆಂಕಿ ಬಿತ್ತು. ಮಧ್ಯಾಹ್ನ ಎರಡು ಗಂಟೆ. ಹದಿನಾಲ್ಕು ನಂಬರುಗಳಿಗೆ ಫೋನು ಹೋಯಿತು. ಎತ್ತಿದವರು ಇಬ್ಬರು, ಒಬ್ಬ ಮಡಗಾಂವಿನಲ್ಲಿದ್ದ, ಇನ್ನೊಬ್ಬನಿಗೆ ಜ್ವರ. ಗೌರಿ ಚಾಳಿನ ಒಂಬತ್ತು ಹೆಂಗಸರನ್ನು ಎಬ್ಬಿಸಿಕೊಂಡು ಹೋದಳು. ಪಂಚಾಯತಿಯ ಸಾಮಾನಿನ ಕೋಣೆ ಅಂದು ತೆರೆದಿತ್ತು. ಎರಡು ಪಂಪು, ನಾಲ್ಕು ಕುಡಗೋಲು, ಉಳಿದವರಿಗೆ ಗೇರಿನ ಹಸಿ ಟೊಂಗೆ. ಎರಡು ತಾಸು ಬಡಿದು ಬಡಿದು ಗೇರುಮರಗಳ ಆಚೆಯೇ ಬೆಂಕಿಯನ್ನು ನಿಲ್ಲಿಸಿದರು. ಗೌರಿಯ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟಿತು.

ದಳದವರಿಗೆ ಗಾಯವಾದರೆ ಔಷಧದ ಖರ್ಚು ಪಂಚಾಯತಿಯದು ಎಂದು ತರಬೇತಿಯಲ್ಲಿ ಹೇಳಿದ್ದರು. ಅಡಿವೆಯ್ಯ ಚೀಟಿ ಹಿಡಿದುಕೊಂಡು ಹೋದ. ಚೀಟಿಯಲ್ಲಿ ಗೌರಿ ಎಂದಿತ್ತು, ಪಟ್ಟಿಯಲ್ಲಿ ಈರೇಶ ಎಂದಿತ್ತು. ಕಾರ್ಯದರ್ಶಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ ಚೀಟಿ ವಾಪಸು ಕೊಟ್ಟ. ಮರುವಾರ ಅದೇ ಕಾರ್ಯದರ್ಶಿ ಪಂಚಾಯತಿಯ ಅಂಗಳದಲ್ಲಿ ದಳದವರಿಗೆ ಸನ್ಮಾನ ಇಟ್ಟ. ಈರೇಶ ಅರ್ಧ ದಿನ ರಜೆ ಹಾಕಿ ಹೋಗಿ ಶಾಲು ಹೊದ್ದುಕೊಂಡು ಬಂದ. ತರಬೇತಿಗೆ ಸಿಗದ ರಜೆ ಶಾಲಿಗೆ ಸಿಕ್ಕಿತು.

ಅಂದಿನ ಊಟ ಹೀಗೆ ನಡೆಯಿತು. ಗೌರಿಯ ಕೈಗೆ ಬ್ಯಾಂಡೇಜು, ರೊಟ್ಟಿ ಬಡಿಯಲು ಬರುವಂತಿಲ್ಲ. ಮುರುಗೆವ್ವ ಎರಡು ವಾರದಿಂದ ತಾನೇ ಬಡಿಯುತ್ತಿದ್ದಳು, ಒಂದೊಂದು ರೊಟ್ಟಿಗೂ ಒಂದೊಂದು ಮಾತು.

“ಯಾರ ಹೇಳಿದ್ರು ಅಷ್ಟ ಮುಂದ ಹೋಗಾಕ? ಕೈ ಸುಟ್ಕೊಂಡು ಕುಂತ್ಳು. ಈ ವಯಸ್ಸಿನ್ಯಾಗ ನಾ ಹಿಟ್ಟ ನಾದಬೇಕು.”

“ಆಯಿ, ಅವ್ವ ಹೋಗ್ಲಿಲ್ಲಂದ್ರ ನೀ ನಾದಾಕ ಈ ಮನಿ ಎಲ್ಲಿರ್ತಿತ್ತು?” ಎಂದಳು ಮಧು. ಅವಳು ಈರೇಶ–ಗೌರಿಯರ ಒಬ್ಬಳೇ ಮಗಳು, ಹನ್ನೊಂದನೆಯ ತರಗತಿ, ನಾಲಿಗೆ ಚುರುಕು.

“ನೀ ಸುಮ್ಮನ ಉಣ್ಣು.”

“ಅಪ್ಪಾ, ಶಾಲು ಅವ್ವಗ ಕೊಡಬೇಕಿತ್ತು.”

ಈರೇಶ ಶೇಂಗಾ ಚಟ್ನಿ ಕಲಸುತ್ತ, “ಕೊಟ್ಟೇನಲ್ಲ, ಹೊದ್ಕೊಳ್ಳಲಿ. ನಂಗ್ಯಾಕ ಬೇಕು,” ಎಂದ.

“ಶಾಲು ಬ್ಯಾಡ್ರಿ,” ಎಂದಳು ಗೌರಿ. “ಪಟ್ಟಿ ಮ್ಯಾಲೆ ನನ್ನ ಹೆಸರು ಬರಸ್ರಿ. ನನ್ನ ಫೋನ್ ನಂಬರ್ ಬರಸ್ರಿ. ಬೆಂಕಿ ಬಿದ್ದಾಗ ಮನ್ಯಾಗ ಇರಾಕಿ ನಾನು.”

“ಗಂಡಂದ ಐತಲ್ಲ ಹೆಸರು,” ಎಂದ ಅಡಿವೆಯ್ಯ. “ಮನಿ ಹೆಸರು ಬಂದ ಮ್ಯಾಲೆ ಆತು. ಯಾರದಿದ್ರೇನು?”

“ಮಾವಾರ, ಔಷಧದ ಚೀಟಿ ತೊಗೊಂಡ ಹ್ವಾದಾಗ ಯಾರದಿದ್ರೇನು ಅಂತ ಅವ್ರು ಅಂದ್ರೇನು?”

ಈರೇಶ ಬರೆಸುತ್ತೇನೆ ಎಂದ. ಎಂದನಷ್ಟೇ.

ಅಷ್ಟರಲ್ಲಿ ಇನ್ನೊಂದು ಗಂಟು ಬಿತ್ತು. ಸನ್ಮಾನದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಈರೇಶನ ರಟ್ಟಿನ ಡಬ್ಬಿ ಕಾರ್ಖಾನೆಯ ಮ್ಯಾನೇಜರನನ್ನು ಮುಟ್ಟಿತು. ಅಲ್ಲಿ ಬೆಂಕಿ ಸುರಕ್ಷತೆಗೆ ಒಬ್ಬನನ್ನು ಇಡಬೇಕೆಂದು ಮೇಲಿನಿಂದ ಒತ್ತಾಯವಿತ್ತು. ಪ್ರಮಾಣಪತ್ರ ಇದ್ದವನು ಬೇಕಿತ್ತು. ಹನ್ನೊಂದು ವರ್ಷ ಕಾಂಟ್ರಾಕ್ಟಿನಲ್ಲಿ ಡಬ್ಬಿ ಹೊತ್ತ ಈರೇಶನನ್ನು ಕರೆದು, ಬಿಳಿ ಹೆಲ್ಮೆಟ್ಟು ಕೊಟ್ಟು, ಜೂನ್‌ವರೆಗೆ ಸರಿಯಾಗಿ ನಡೆದರೆ ಕಾಯಂ ಎಂದರು. ಅವನು ಅಂದು ಎರಡು ಕಿಲೋ ಕೋಳಿ ತಂದ. ಮುರುಗೆವ್ವ ಅತ್ತಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಮಗ ಬೆನ್ನು ಬಗ್ಗಿಸಿ ಮನೆಗೆ ಬರುವುದನ್ನು ಹನ್ನೊಂದು ವರ್ಷ ನೋಡಿದವಳು ಅವಳು.

ಗೌರಿ ಪಾತ್ರೆ ತಿಕ್ಕುತ್ತ ಕೇಳಿದಳು, “ಅಲ್ಲೆ ಎಷ್ಟ ಮಂದಿ ಕೆಲಸಾ ಮಾಡ್ತಾರ್ರಿ?”

“ಒಂದ ಪಾಳಿಗೆ ಮುನ್ನೂರು.”

“ಗ್ವಾಡಿಗೆ ಇರೋ ಕೆಂಪ ಸಿಲಿಂಡರಾ ಯಾವುದು ಕರೆಂಟಿನ ಬೆಂಕಿಗೆ, ಯಾವುದು ರಟ್ಟಿಗೆ ಗೊತ್ತೇನು?”

“ಅದರ ಮ್ಯಾಲೆ ಬರದಿರ್ತಾರ.”

“ಹೊಗಿ ತುಂಬಿದ ಮ್ಯಾಲೆ ಓದ್ಕೋಂತ ನಿಂದ್ರತೀರಿ? ಕುಂದ್ರ್ರಿ, ನಾ ಹೇಳ್ತೇನಿ. ನಾಕ್ ದಿನದಾಗ ಕಲಸ್ತೇನಿ.”

ಈರೇಶನ ಮುಖ ಕೆಂಪಾಯಿತು. “ನಿನ್ನ ಕಡಿಂದ ಕಲಿಯೋವಷ್ಟು ಗತಿಗೆಟ್ಟಿಲ್ಲ ನಾ,” ಎಂದು ಎದ್ದು ಹೊರಗೆ ಹೋದ. ಹನ್ನೆರಡು ದಿನ ಅವಳನ್ನು ತನ್ನ ಜಾಗದಲ್ಲಿ ಕೂರಿಸುವಾಗ ಇಲ್ಲದ ಮಾನ, ಅವಳ ಎದುರು ಕೂರಬೇಕಾದಾಗ ಎಲ್ಲಿಂದಲೋ ಬಂದಿತ್ತು.

ಮಾರ್ಚ್ ತಿಂಗಳಿಡೀ ಆ ಖೋಲಿಯಲ್ಲಿ ಇದೇ ಜಗಳ. ಬೆಳಿಗ್ಗೆ ಪಾವ್ ಬ್ರೆಡ್ಡು ಮಾರುವವನು ಬಂದು ಹೋಗುವುದಕ್ಕೂ ಕಂಪನಿ ಬಸ್ಸು ಬರುವುದಕ್ಕೂ ನಡುವಿನ ಇಪ್ಪತ್ತು ನಿಮಿಷದಲ್ಲಿ ಒಂದು ಸುತ್ತು, ರಾತ್ರಿ ಊಟಕ್ಕೆ ಇನ್ನೊಂದು ಸುತ್ತು. ಗೌರಿ ಪಂಚಾಯತಿಗೆ ತಾನೇ ಎರಡು ಸಲ ಹೋದಳು. ತರಬೇತಿ ಆದವರ ಹೆಸರಷ್ಟೇ ಪಟ್ಟಿಗೆ ಎಂದರು. ತರಬೇತಿ ಆದವಳು ನಾನೇ ಎಂದರೆ, ದಾಖಲೆ ಎಲ್ಲಿದೆ ಎಂದರು. ಅದನ್ನು ಹೇಳಬೇಕಾದವನು ಈರೇಶ.

“ಒಂದ ಮಾತು, ಹೋಗಿ ಖರೇ ಹೇಳಿ ಬರ್ರಿ.”

“ಜೂನ್ ತನಾ ತಡಕೋ ಅಂದೇನಲ್ಲ. ಕಾಯಂ ಆಗ್ಲಿ. ಈಗ ಬಾಯಿ ಬಿಟ್ರ ಹೆಲ್ಮೆಟ್ ಕಸ್ಕೊಂಡು ಗೇಟಿನ ಹೊರಗ ಹಾಕ್ತಾರ.”

“ಬೆಂಕಿ ಜೂನ್ ತನಾ ತಡ್ಕೋತೈತೇನು?”

“ಸಾಕ್ ಮಾಡ,” ಎಂದಳು ಮುರುಗೆವ್ವ. “ಗಂಡನ ಅನ್ನಕ್ಕ ಕಲ್ಲ ಹಾಕಾಕ ನಿಂತೀಯೇನು? ಹೆಸರ ತೊಗೊಂಡು ಏನ್ ನೆಕ್ಕತಿ?”

ಗೌರಿ ಒಂದು ರೊಟ್ಟಿ, ಬೇಳೆ ಪಲ್ಯ ತಾಟಿಗೆ ಹಾಕಿಕೊಂಡು ಚಾಳಿನ ಕೊನೆಯ ಖೋಲಿಗೆ ಹೋದಳು. ಅಲ್ಲಿ ಹೇಮಪ್ಪ ಇದ್ದ. ಲಕ್ವಾ ಹೊಡೆದು ಮೂರು ವರ್ಷವಾಗಿತ್ತು. ಅವನ ಹೆಂಡತಿ ಫೂಲಿಬಾಯಿ ವಾರಕ್ಕೆ ನಾಲ್ಕು ದಿನ ಕಲಂಗುಟ್ ಬೀಚಿನಲ್ಲಿ ಕನ್ನಡಿ ಹೊಲಿದ ಬಟ್ಟೆ ಮಾರಲು ಹೋಗುತ್ತಿದ್ದಳು. ಆ ದಿನಗಳಲ್ಲಿ ಅವನ ಊಟ ಗೌರಿಯ ಮನೆಯಿಂದ. ಬಾಡಿಗೆ ಕಡಿಮೆ ಎಂದು ಹಿಡಿದ ಖೋಲಿ, ಗುಡ್ಡಕ್ಕೆ ಎಲ್ಲಕ್ಕಿಂತ ಹತ್ತಿರ, ಮಾಡಿಗೆ ಪ್ಲಾಸ್ಟಿಕ್ ತಾಡಪತ್ರಿ.

ಏಪ್ರಿಲ್ ಹತ್ತರ ಸುಮಾರಿಗೆ, ಮತ್ತೆ ಮಧ್ಯಾಹ್ನ, ಗುಡ್ಡದ ನೆತ್ತಿಯಲ್ಲಿ, ಫೆಬ್ರವರಿಯಲ್ಲಿ ಸುಡದೆ ಉಳಿದಿದ್ದ ಹುಲ್ಲಿನಲ್ಲಿ, ಹೊಗೆ ಎದ್ದಿತು. ಗೌರಿ ಬಟ್ಟೆ ಒಣಹಾಕುತ್ತಿದ್ದವಳು ನೋಡಿದಳು. ಗಾಳಿ ಚಾಳಿನ ಕಡೆಗೇ ಇತ್ತು. ಬೆಂಕಿ ಇಳಿದು ಬರಲು ಅರ್ಧ ತಾಸು ಬೇಕು ಎಂದು ಲೆಕ್ಕ ಹಾಕಿದಳು. ಅಷ್ಟರಲ್ಲಿ ಪಂಪು ತಂದು ಗೆರೆ ಹಾಕಬಹುದಿತ್ತು. ಅತ್ತೆಗೆ, ಎಲ್ಲರನ್ನೂ ಹೊರಗೆ ಕರೆಯಿರಿ, ಸಿಲಿಂಡರ್ ಹೊರಗೆ ಹಾಕಿಸಿರಿ ಎಂದು ಹೇಳಿ ಪಂಚಾಯತಿಗೆ ಓಡಿದಳು.

ಸಾಮಾನಿನ ಕೋಣೆಗೆ ಹೊಸ ಬೀಗ. ಫೆಬ್ರವರಿಯಲ್ಲಿ ಒಂದು ಬ್ಯಾಟರಿ ಕಳೆದಿತ್ತಂತೆ. ಅಂದಿನಿಂದ ಪಟ್ಟಿಯಲ್ಲಿದ್ದವರು ಬಂದು ಸಹಿ ಮಾಡಿದರಷ್ಟೇ ಕೀಲಿ ಎಂದು ನಿಯಮ. ಚಪರಾಸಿ ಕೀಲಿಯನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತ.

“ನಿನ್ನ ಹೆಸರಿಲ್ಲ ಬಾಯಿ,” ಎಂದ ಹಿಂದಿಯಲ್ಲಿ. “ನಿನ್ನ ಗಂಡನನ್ನು ಕರೆಸು.”

ಗೌರಿ ಗುಡ್ಡ ತೋರಿಸಿದಳು. ಅವನಿಗೂ ಹೊಗೆ ಕಾಣುತ್ತಿತ್ತು. ಕಾರ್ಯದರ್ಶಿಗೆ ಫೋನು ಮಾಡಿದ. ಅವರು ತಾಲೂಕಿನ ಸಭೆಯಲ್ಲಿದ್ದರು. ಈರೇಶನಿಗೆ ಮಾಡಿದ; ಫೋನು ಬಂದ್. ಗೋಡೆಗೆ ಅಂಟಿಸಿದ ಪಟ್ಟಿಯ ಮುಂದೆ ನಿಂತು ಒಂದೊಂದೇ ನಂಬರಿಗೆ ಮಾಡುತ್ತ ಹೋದ. ಎಂಟನೆಯ ನಂಬರಿಗೆ ಬರುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿತ್ತು. ಗೌರಿ ಬೇಡಿದಳು, ಬೈದಳು, ಕೊನೆಗೆ ಅಂಗಳದ ಕೆಂಪುಕಲ್ಲೊಂದನ್ನು ಎತ್ತಿಕೊಂಡು ಬಂದು ಬೀಗಕ್ಕೆ ಹಾಕಿದಳು. ಮೂರು ಏಟಿಗೆ ಕೊಂಡಿ ಕಿತ್ತು ಬಂತು.

ಪಂಪು ಹೊತ್ತು ಓಡಿ ಬಂದಾಗ ಬೆಂಕಿ ಗೇರುಮರ ದಾಟಿತ್ತು. ಹದಿನೈದು ನಿಮಿಷ ಮೊದಲು ಅದು ಮರಗಳ ಆಚೆ ಇತ್ತು. ಹೆಂಗಸರು ಮಕ್ಕಳನ್ನು, ಸಿಲಿಂಡರುಗಳನ್ನು ರಸ್ತೆಗೆ ಸಾಗಿಸಿದ್ದರು. ಹೇಮಪ್ಪನ ನೆನಪು ಎಲ್ಲರಿಗಿಂತ ಮೊದಲು ಬಂದದ್ದು ಮುರುಗೆವ್ವನಿಗೆ. ಅರವತ್ತೈದರ ಆ ಹೆಂಗಸು ಒಳಗೆ ನುಗ್ಗಿ, ಸೊಸೆ ಹೇಳಿಕೊಟ್ಟಂತೆ ಅವನನ್ನು ಕೌದಿಯ ಮೇಲೆ ಹೊರಳಿಸಿ ಎಳೆಯುತ್ತಿದ್ದಳು. ತಾಡಪತ್ರಿ ಕರಗಿ ಹನಿಹನಿಯಾಗಿ ಅವನ ಕಾಲ ಮೇಲೆ ಬೀಳುತ್ತಿತ್ತು. ಅವನಿಗೆ ಕೂಗಲೂ ಬಾಯಿ ಬರುತ್ತಿರಲಿಲ್ಲ. ಗೌರಿ ನೀರು ಹೊಡೆಯುತ್ತ ಒಳಗೆ ಹೋಗಿ ಇಬ್ಬರನ್ನೂ ಹೊರಗೆ ತಂದಳು. ಹೇಮಪ್ಪನ ಖೋಲಿ ಸುಟ್ಟಿತು; ಬೆಂಕಿಯನ್ನು ಅಲ್ಲೇ ತಡೆದು ಹೆಂಗಸರು ಮಿಕ್ಕ ಇಪ್ಪತ್ತೊಂದನ್ನು ಉಳಿಸಿಕೊಂಡರು. ಅಗ್ನಿಶಾಮಕದ ಗಾಡಿ ಬಂದಾಗ ಬೂದಿಗೆ ನೀರು ಹೊಡೆಯುವ ಕೆಲಸ ಮಾತ್ರ ಬಾಕಿ ಇತ್ತು.

ಹೇಮಪ್ಪನ ಎರಡು ಪಾದಗಳೂ ಸುಟ್ಟಿದ್ದವು. ಬಲಗಾಲಿನ ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು. ಕಲಂಗುಟ್‌ನಿಂದ ಬಂದ ಫೂಲಿಬಾಯಿ ಮಂಚದ ಪಕ್ಕದಲ್ಲಿ ನಿಂತು ಕೇಳಿದಳು, “ಗೌರವ್ವಾ, ನೀ ಇದ್ಯಲ್ಲ. ನೀ ಕಲ್ತಾಕಿ ಇದ್ಯಲ್ಲ. ಯಾಕ ತಡಾ ಆತು?”

ಪಕ್ಕದಲ್ಲಿದ್ದ ಮುರುಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದಳು. ಅಂದಿನಿಂದ ಮನೆಯಲ್ಲಿ ಅವಳು ಮಗನ ತಾಟಿಗೆ ಬಡಿಸುವುದನ್ನು ಬಿಟ್ಟಳು. ಬುಟ್ಟಿ ಅವನ ಮುಂದೆ ಸರಿಸಿ, “ಬೇಕಾದ್ರ ತೊಗೋ,” ಎನ್ನುತ್ತಿದ್ದಳು.

ಈರೇಶ ಒಮ್ಮೆ ಕೇಳಿದ, “ಯವ್ವಾ, ನನ್ನ ಮ್ಯಾಲೆ ಯಾಕ ಸಿಟ್ಟು? ನಾ ಬೆಂಕಿ ಹಚ್ಚೇನೇನು?”

“ಹಚ್ಚಿಲ್ಲ. ನಿನ್ನ ಹೆಸರು ಹಚ್ಚೀದಿ,” ಎಂದಳು ತಾಯಿ. “ಪಂಚಾಯತಿ ಗ್ವಾಡಿಗೆ.”

ಮುಂದಿನ ಭಾನುವಾರ ಕಾರ್ಯದರ್ಶಿ ಮನೆಗೇ ಬಂದ. ಕೈಯಲ್ಲಿ ಕಾಗದ. ಗೌರಿ ಚಹಾ ಇಟ್ಟಳು. ಅವನು ಹಿಂದಿಯಲ್ಲಿ, ಸಮಾಧಾನದಿಂದ ಹೇಳಿದ: ಪಂಚಾಯತಿಯ ಬೀಗ ಒಡೆದಿದೆ, ಬಾಗಿಲು ಹಾಳಾಗಿದೆ, ಚಪರಾಸಿ ಬರೆದು ಕೊಟ್ಟಿದ್ದಾನೆ. ಹೊರಗಿನವರು ಸರಕಾರಿ ಬೀಗ ಒಡೆದರೆ ಪೊಲೀಸಿಗೆ ಕಳಿಸಲೇಬೇಕು. ಆದರೆ ದಳದ ಸದಸ್ಯನೇ ತುರ್ತಿನಲ್ಲಿ ಒಡೆದ ಎಂದಾದರೆ ಅದು ಅಪರಾಧವಲ್ಲ.

“ಈರೇಶ ಒಂದು ಸಹಿ ಮಾಡಲಿ. ನಾನೇ ಒಡೆದೆ ಎಂದು. ಅಲ್ಲಿಗೆ ಮುಗಿಯಿತು.”

“ನಾ ಕಾರ್ಖಾನ್ಯಾಗ ಇದ್ದೆ,” ಎಂದ ಈರೇಶ.

“ಅದನ್ನು ಯಾರು ನೋಡುತ್ತಾರೆ?”

ಅಡಿವೆಯ್ಯ ಉಸಿರು ಬಿಟ್ಟ. “ದೊಡ್ಡ ಉಪಕಾರ ಆತ್ರಿ ಸಾಹೇಬ್ರ. ಮಾಡಪಾ, ಸಹಿ ಮಾಡು.”

ಈರೇಶ ಪೆನ್ನು ತೆಗೆದುಕೊಂಡ.

“ಹೇಮಪ್ಪನ ಬೆರಳಿಗೆ ಯಾರು ಸಹಿ ಮಾಡ್ತಾರ್ರಿ?” ಎಂದಳು ಗೌರಿ. ದನಿ ಎತ್ತರಿಸಿರಲಿಲ್ಲ. “ಹದಿನೈದ ನಿಮಿಷ ಕೀಲಿ ಕೊಡದಿದ್ದುದು ಆ ಕಾಗದದಾಗ ಬರದಾರೇನು?”

ಕಾರ್ಯದರ್ಶಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ. ಬರೆದಿರಲಿಲ್ಲ.

“ಗೌರಿ, ನಿನ್ನ ಉಳಸಾಕ ನಾ ಸಹಿ ಮಾಡಾಕತ್ತೇನಿ,” ಎಂದ ಈರೇಶ. “ಪೊಲೀಸ್ ಠಾಣೆ ಏರ್ತಿಯೇನು?”

“ತರಬೇತಿ ನಾ ಕಲ್ತೆ, ಹೆಸರು ನಿಮ್ದು. ಕೈ ನನ್ನದು ಸುಟ್ತು, ಶಾಲು ನಿಮಗ. ಈಗ ಬೀಗಾ ಒಡದದ್ದೂ ನೀವು ಅಂತ ಆದ್ರ, ಮತ್ತ ಆ ಕ್ವಾಣಿ ಮುಂದ ನಾ ಯಾರಾಗಿ ನಿಂದ್ರಲಿ? ಮುಂದಿನ ವರ್ಷಾನೂ ಆ ಚಪರಾಸಿ ನನಗ ಹೆಸರಿಲ್ಲ ಅಂತಾನ.”

“ಖರೇ ಹೊರಗ ಬಿದ್ರ ನನ್ನ ನೌಕರಿ ಹೋಗತೈತಿ. ಅದು ಗೊತ್ತೈತಿಲ್ಲ?”

“ಗೊತ್ತೈತಿ. ಅಲ್ಲೆ ಮುನ್ನೂರು ಮಂದಿ ಅದಾರ್ರಿ. ನಾಳೆ ಆ ರಟ್ಟಿಗೆ ಬೆಂಕಿ ಬಿದ್ರ ಅವರನ್ನ ಹೊರಗ ತರಾಂವ ನೀವು. ಎದಿ ಮುಟ್ಕೊಂಡು ಹೇಳ್ರಿ, ತರ್ತೀರೇನು?”

ಮಧು ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷ ಹೊತ್ತ ಡಬ್ಬಿಗಳ ಭಾರ ಅವನ ಭುಜದಲ್ಲಿ ಇನ್ನೂ ಇತ್ತು, ಅದನ್ನು ಗೌರಿ ಕಂಡಿರಲಿಲ್ಲ ಎಂದಲ್ಲ. ಕಂಡೂ ಅವಳು ಸುಮ್ಮನಾಗಲಿಲ್ಲ.

“ಸಣ್ಣ ಮಾತಿಗೆ ಮನಿ ಮುರೀಬ್ಯಾಡ್ರಿ,” ಎಂದ ಅಡಿವೆಯ್ಯ.

“ಸಣ್ಣ ಮಾತಲ್ಲ,” ಎಂದಳು ಮುರುಗೆವ್ವ. ಅಷ್ಟು ಹೊತ್ತು ಮೂಲೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಎದ್ದು ಬಂದಳು. “ಅವನ ಕಾಲಿನ ಚರ್ಮ ನನ್ನ ಕೈಯಾಗ ಬಂದಿತ್ತು. ಈರೇಶಾ, ಪೆನ್ನ ಅಕಿ ಕೈಯಾಗ ಕೊಡು.”

ಈರೇಶ ಕೊಡಲಿಲ್ಲ. ನೆಲದ ಮೇಲೆ ಇಟ್ಟು, ಎದ್ದು, ಚಪ್ಪಲಿ ಹಾಕಿಕೊಂಡು ಹೊರಗೆ ನಡೆದ. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಯಾರ ಮುಖವನ್ನೂ ನೋಡದೆ, “ಹನ್ನೆರಡೂ ದಿನ ಅಕಿನ ಹೋಗ್ಯಾಳ. ಬರ್ಕೋರಿ,” ಎಂದ.

ಕಾರ್ಯದರ್ಶಿಗೆ ಸಿಟ್ಟು ಬಂದಿತ್ತು. ಸುಲಭವಾಗಿ ಮುಗಿಯುವುದನ್ನು ಕೆಡಿಸಿಕೊಂಡಿರಿ ಎಂದ. ಚೀಲದಿಂದ ಇನ್ನೊಂದು ಕಾಗದ ತೆಗೆದ, ಪೊಲೀಸಿಗೆ ಹೋಗುವ ಕಾಗದ. ಆರೋಪಿಯ ಹೆಸರು ಎಂದಿದ್ದ ಕಡೆ ಪೆನ್ನು ಊರಿದ. ಗೌರಿ ತನ್ನ ಹೆಸರು ಹೇಳಿದಳು. ಬೆಂಕಿಯ ಸಂಬಂಧದ ಯಾವ ಸರಕಾರಿ ಕಾಗದದಲ್ಲೂ ಅಲ್ಲಿಯವರೆಗೆ ಇರದಿದ್ದ ಹೆಸರು.

ವಯಸ್ಸು ಕೇಳಿದ, ಹೇಳಿದಳು. ವಿಳಾಸ ಕೇಳಿದ, ಹೇಳಿದಳು. ಮೊಬೈಲ್ ನಂಬರ್ ಕೇಳಿದ. ಗೌರಿ ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿ, ಅವನು ಬರೆದದ್ದನ್ನು ಬಗ್ಗಿ ನೋಡಿ, ಸರಿ ಇದೆ ಎಂದು ಖಾತ್ರಿ ಮಾಡಿಕೊಂಡಳು.

“ಬರ್ಕೊಂಡ್ರಿಲ್ಲ? ಇದನ್ನ ಗ್ವಾಡಿ ಮ್ಯಾಲಿನ ಪಟ್ಟಿಗೂ ಬರೀರಿ. ಬೆಂಕಿ ಬಿದ್ರ ಇದಕ್ಕ ಫೋನ್ ಮಾಡ್ರಿ,” ಎಂದಳು. “ನಾ ಮನ್ಯಾಗ ಇರ್ತೇನಿ.”